ಕಿಟಕಿಗಳ ಘಾಟಿ: ಡಾಂಬರು ಕಾಣದ ದಾರಿಯೊಂದರ ಪಾಠ

(ಬಳಗದ ವಿದ್ಯಾರ್ಥಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಘಟ್ಟದ ದಾರಿಯ ಪ್ರಸ್ತಾಪ ಬಂದೊಡನೆ ಮಲೆನಾಡಿನ ಸಭೆಗಳಲ್ಲಿ ಎರಡು ಮಾತುಗಳು ಕೇಳಿಬರುವುದು ವಾಡಿಕೆ. ‘ಡಾಂಬರು ಹಾಕಿಸಿಕೊಡಿ’ ಎಂಬುದು ಒಂದು. ‘ದಾರಿಯೇ ಬೇಡ’ ಎಂಬುದು ಇನ್ನೊಂದು. ಮೊದಲನೆಯದು ಮಳೆಗಾಲದಲ್ಲಿ ರೋಗಿಯನ್ನು ಕಂಬಳಿಯಲ್ಲಿ ಹೊತ್ತು ನಡೆದವರ ಮಾತು. ಎರಡನೆಯದು ದಾರಿಯ ಬೆನ್ನಿಗೇ ಬಂದ ಮರದ ಲಾರಿ, ರೆಸಾರ್ಟು, ಗುಡ್ಡಕುಸಿತಗಳನ್ನು ಕಂಡವರ ಮಾತು. ಎರಡರಲ್ಲೂ ಸತ್ಯವಿದೆ. ಆದರೆ ಇವೆರಡರ ನಡುವೆ ಮೂರನೆಯದೊಂದು ಸಾಧ್ಯತೆಯೂ ಉಂಟು: ದಾರಿ ಇರಲಿ, ಆದರೆ ಅದು ಕಷ್ಟದ ದಾರಿಯಾಗಿಯೇ ಉಳಿಯಲಿ, ಅದರ ಮೇಲೆ ಯಾರು, ಯಾವಾಗ, ಯಾವ ವೇಗದಲ್ಲಿ ಸಾಗಬೇಕೆಂಬುದನ್ನು ಸಮಾಜ ಕೂತು ನಿರ್ಧರಿಸಲಿ. ಈ ಸಾಧ್ಯತೆಯನ್ನು ಪರಿಶೀಲಿಸಲು ಇಂದಿನ ಉಪನ್ಯಾಸವು ಇಟಲಿಯ ಆಲ್ಪ್ಸ್ ಪರ್ವತಗಳಲ್ಲಿರುವ ಒಂದು ಸೈಕಲ್ ಸುತ್ತುದಾರಿಯನ್ನು ಆರಿಸಿಕೊಂಡಿದೆ.

ದಾರಿಯ ನಕ್ಷೆ

ಇಟಲಿಯ ವಾಯವ್ಯ ಭಾಗದಲ್ಲಿ ಟುರಿನ್ ನಗರವಿದೆ. ಅಲ್ಲಿಂದ ಪಶ್ಚಿಮಕ್ಕೆ, ಫ್ರಾನ್ಸಿನ ಗಡಿಯ ಕಡೆಗೆ ಸುಮಾರು 50 ಕಿ.ಮೀ. ಸಾಗಿದರೆ ಸೂಸಾ ಎಂಬ ಪುಟ್ಟ ಪಟ್ಟಣ. ಸಮುದ್ರಮಟ್ಟದಿಂದ ಅದರ ಎತ್ತರ ಸುಮಾರು 500 ಮೀಟರ್. ಟುರಿನ್ನಿನಿಂದ ರೈಲು ಇಲ್ಲಿಯವರೆಗೆ ಬರುತ್ತದೆ. ಸವಾರರು ತಮ್ಮ ಸೈಕಲ್ಲುಗಳನ್ನು ರೈಲಿನಲ್ಲಿಯೇ ತರುತ್ತಾರೆ. ಪಟ್ಟಣದ ದಕ್ಷಿಣಕ್ಕೆ ಉದ್ದವಾದ ಒಂದು ಪರ್ವತಶ್ರೇಣಿ. ಅದರ ಈಚೆಗೆ ಸೂಸಾ ಕಣಿವೆ, ಆಚೆಗೆ ಕಿಸೋನೆ ಕಣಿವೆ. ಈ ಎರಡು ಕಣಿವೆಗಳನ್ನು ಜೋಡಿಸುವ ಘಾಟಿಯ ಹೆಸರು ಕೋಲ್ಲೆ ದೆಲ್ಲೆ ಫಿನೆಸ್ತ್ರೆ. ಕನ್ನಡದಲ್ಲಿ ಹೇಳುವುದಾದರೆ ‘ಕಿಟಕಿಗಳ ಘಾಟಿ’. ಅದರ ನೆತ್ತಿ 2,178 ಮೀಟರ್ ಎತ್ತರದಲ್ಲಿದೆ.

ಸುತ್ತುದಾರಿಯ ಕ್ರಮ ಹೀಗಿದೆ. ಸೂಸಾದಿಂದ ಘಾಟಿಯ ನೆತ್ತಿಗೆ ಸುಮಾರು ಹದಿನೆಂಟೂವರೆ ಕಿ.ಮೀ. ಏರು. ಆಚೆಗೆ ಸ್ವಲ್ಪ ಇಳಿದರೆ ಪಿಯಾನ್ ದೆಲ್ಲಾಲ್ಪೆ ಎಂಬ ಹುಲ್ಲುಗಾವಲು. ಅಲ್ಲಿಂದ ಬಲಕ್ಕೆ ತಿರುಗಿದರೆ ಆಸಿಯೆತ್ತಾ ದಾರಿ ಆರಂಭವಾಗುತ್ತದೆ. ಮೂವತ್ತಕ್ಕೂ ಹೆಚ್ಚು ಕಿ.ಮೀ. ಉದ್ದದ ಈ ಮಣ್ಣು-ಜಲ್ಲಿಯ ದಾರಿಯು ಬಹುಪಾಲು 2,000 ಮೀಟರಿಗಿಂತ ಮೇಲೆ, ಶ್ರೇಣಿಯ ಬೆನ್ನಿನ ಮೇಲೆಯೇ ಪಶ್ಚಿಮಕ್ಕೆ ಹರಿಯುತ್ತದೆ. ಆಸಿಯೆತ್ತಾ ಘಾಟಿಯಲ್ಲಿ ಅದರ ಎತ್ತರ 2,472 ಮೀಟರ್. ಕೊನೆಗೆ ಬಾಸ್ಸೆ ಘಾಟಿಯಿಂದ ಸೌಜೆ ದೂಲ್ಕ್ಸ್ ಎಂಬ ಊರಿಗೆ ಇಳಿದು, ಸೂಸಾ ಕಣಿವೆಯ ತಳದ ಡಾಂಬರು ರಸ್ತೆಯಲ್ಲಿ ಹೊರಟ ಸ್ಥಳಕ್ಕೇ ಮರಳುವುದು. ಒಟ್ಟು ದೂರ ನೂರು ಕಿಲೋಮೀಟರಿನ ಆಸುಪಾಸು; ಒಟ್ಟು ಏರು ಎರಡೂವರೆ ಸಾವಿರ ಮೀಟರಿಗಿಂತ ಅಧಿಕ.

ಏರು

ಆರಂಭದಲ್ಲಿ ದಾರಿ ಚೆಸ್ಟ್‌ನಟ್ ಮರಗಳ ನೆರಳಿನಲ್ಲಿ ಸಾಗುತ್ತದೆ. ಬಳಿಕ ಹೇರ್‌ಪಿನ್ ತಿರುವುಗಳ ಸರಣಿ: ಒಟ್ಟು ನಲವತ್ತಕ್ಕೂ ಹೆಚ್ಚು. ಅರ್ಧ ಏರಿದ ಮೇಲೆ ಡಾಂಬರು ಥಟ್ಟನೆ ನಿಂತುಬಿಡುತ್ತದೆ. ಕೊನೆಯ ಸುಮಾರು 8 ಕಿ.ಮೀ. ಜಲ್ಲಿ ಮತ್ತು ಮಣ್ಣು ಮಾತ್ರ. ಆದರೆ ಏರಿನ ಪ್ರಮಾಣ ಬದಲಾಗುವುದಿಲ್ಲ. ನೂರು ಮೀಟರ್ ಮುಂದೆ ಸಾಗಿದರೆ ಒಂಬತ್ತು ಮೀಟರ್ ಮೇಲೆ ಎಂಬ ಲೆಕ್ಕ ಬುಡದಿಂದ ನೆತ್ತಿಯವರೆಗೂ ಹೆಚ್ಚುಕಡಿಮೆ ಹಾಗೆಯೇ ನಡೆಯುತ್ತದೆ. ಸುಧಾರಿಸಿಕೊಳ್ಳಲು ಸಮತಟ್ಟಾದ ಒಂದು ಫರ್ಲಾಂಗು ಕೂಡ ಸಿಗದು.

ಈ ಶ್ರಮವನ್ನು ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. ಸವಾರ ಮತ್ತು ಸೈಕಲ್ ಸೇರಿ 80 ಕಿಲೋ ತೂಕವೆಂದು ಇಟ್ಟುಕೊಂಡರೆ, ಅಷ್ಟು ಭಾರವನ್ನು 1,675 ಮೀಟರ್ ಎತ್ತಲು ಬೇಕಾದ ಶಕ್ತಿ ಸುಮಾರು 13 ಲಕ್ಷ ಜೂಲ್. ಮನುಷ್ಯನ ಸ್ನಾಯುಗಳು ತಾವು ಉರಿಸಿದ ಆಹಾರದ ನಾಲ್ಕನೆಯ ಒಂದು ಭಾಗಕ್ಕಿಂತಲೂ ಕಡಿಮೆ ಶಕ್ತಿಯನ್ನು ಮಾತ್ರ ತುಳಿತಕ್ಕೆ ಕೊಡಬಲ್ಲವು. ಉಳಿದುದೆಲ್ಲ ಶಾಖವಾಗಿ, ಬೆವರಾಗಿ ಹೋಗುತ್ತದೆ. ಆದ್ದರಿಂದ ಈ ಒಂದು ಏರಿಗೆ ಬೇಕಾಗುವ ಆಹಾರ ಕನಿಷ್ಠ 1,300ರಿಂದ 1,400 ಕಿಲೋಕ್ಯಾಲೊರಿ, ಅಂದರೆ ಸುಮಾರು 400 ಗ್ರಾಂ ಅಕ್ಕಿಯಲ್ಲಿರುವಷ್ಟು. ಜಲ್ಲಿಯ ಮೇಲೆ ಚಕ್ರ ಹೂಳುವುದರಿಂದ ಆಗುವ ನಷ್ಟ ಇದಕ್ಕೆ ಹೊರತು. ಸಾಧಾರಣ ಸವಾರರಿಗೆ ಈ ಏರು ಎರಡರಿಂದ ಮೂರು ತಾಸಿನ ಕೆಲಸ. ಅವರ ವೇಗ ಗಂಟೆಗೆ ಏಳೆಂಟು ಕಿ.ಮೀ.; ಕೆಲವೆಡೆ ಬಿರುಸಾಗಿ ನಡೆಯುವವರಿಗಿಂತ ತುಸುವೇ ಹೆಚ್ಚು.

ಜಲ್ಲಿಯ ಮೇಲಿನ ಏರಿಗೆ ಅದರದೇ ಆದ ಶಿಸ್ತಿದೆ. ಡಾಂಬರಿನಲ್ಲಿ ದಣಿದ ಸವಾರರು ಸೀಟಿನಿಂದ ಎದ್ದು ನಿಂತು ತುಳಿಯುತ್ತಾರೆ. ಇಲ್ಲಿ ಎದ್ದರೆ ಹಿಂದಿನ ಚಕ್ರದ ಮೇಲಿನ ಭಾರ ತಪ್ಪಿ, ಚಕ್ರ ನಿಂತಲ್ಲೇ ಗಿರಕಿ ಹೊಡೆಯುತ್ತದೆ. ಆದ್ದರಿಂದ ಕುಳಿತೇ, ಮೈಯನ್ನು ಕೊಂಚ ಮುಂದಕ್ಕೆ ಬಾಗಿಸಿ, ಸಮನಾಗಿ ತುಳಿಯಬೇಕು. ಟೈರು ಅಗಲವಾಗಿರಬೇಕು, 40 ಮಿ.ಮೀ.ಗೆ ಕಡಿಮೆಯಲ್ಲ. ಗಾಳಿಯನ್ನು ಗಟ್ಟಿಯಾಗಿ ತುಂಬದೆ, ಕಲ್ಲಿನ ಮೇಲೆ ಹಾಯುವಾಗ ಟೈರು ಅದನ್ನು ಅಪ್ಪಿಕೊಳ್ಳುವಷ್ಟು ಸಡಿಲ ಬಿಡಬೇಕು. ತಿರುವುಗಳಲ್ಲಿ ಬಿಡಿಕಲ್ಲುಗಳು ಹೊರಅಂಚಿಗೆ ಸರಿದು ರಾಶಿಯಾಗಿರುತ್ತವೆ. ವಾಹನಗಳ ಚಕ್ರ ಹಾದು ಗಟ್ಟಿಯಾದ ಜಾಡನ್ನು ಕಣ್ಣಿಂದ ಮೊದಲೇ ಗುರುತಿಸಿಕೊಳ್ಳಬೇಕು. ಅವಸರ ಮಾಡಿದವರಿಗೆ ಈ ದಾರಿ ಕಾಲೂರಿಸದೆ ಬಿಡುವುದಿಲ್ಲ.

ಈ ಅಂಶವನ್ನು ಜಗತ್ತಿನ ಶ್ರೇಷ್ಠ ಸವಾರರೂ ಇಲ್ಲಿ ಕಲಿತಿದ್ದಾರೆ. ‘ಜೀರೋ ದಿತಾಲಿಯಾ’ ಎಂಬ ಇಟಲಿಯ ಪ್ರಸಿದ್ಧ ಸೈಕಲ್ ಓಟವು ಈ ಘಾಟಿಯನ್ನು ಮೊದಲ ಬಾರಿಗೆ ಏರಿದ್ದು 2005ರಲ್ಲಿ. 2018ರ ಮೇ 25ರಂದು ಬ್ರಿಟನ್ನಿನ ಕ್ರಿಸ್ ಫ್ರೂಮ್ ಈ ಜಲ್ಲಿಯ ಮೇಲೆಯೇ ಎಲ್ಲರನ್ನೂ ಹಿಂದಿಕ್ಕಿ, ಉಳಿದ ಸುಮಾರು 80 ಕಿ.ಮೀ. ದೂರವನ್ನು ಒಬ್ಬರೇ ಕ್ರಮಿಸಿ ಆ ವರ್ಷದ ಓಟವನ್ನು ಗೆದ್ದರು. ಅಂದು ಅಗ್ರಸ್ಥಾನದಲ್ಲಿದ್ದ ಸೈಮನ್ ಯೇಟ್ಸ್ ಇದೇ ಏರಿನಲ್ಲಿ ಬಸವಳಿದು, ಅರ್ಧ ತಾಸಿಗೂ ಹೆಚ್ಚು ಹಿಂದೆ ಬಿದ್ದರು. ಏಳು ವರ್ಷಗಳ ಬಳಿಕ, 2025ರ ಮೇ 31ರಂದು, ಅದೇ ಯೇಟ್ಸ್ ಅದೇ ಜಲ್ಲಿಯ ದಾರಿಯಲ್ಲಿ ಸುಮಾರು ಒಂದು ತಾಸಿನಲ್ಲಿ ನೆತ್ತಿ ತಲುಪಿ, ಕಳೆದುಕೊಂಡಿದ್ದ ಓಟವನ್ನು ಗೆದ್ದುಕೊಂಡರು. ಡಾಂಬರು ಹಾಕದಿರುವುದೇ ಈ ದಾರಿಗೆ ಕೀರ್ತಿಯನ್ನು ತಂದಿತು ಎಂಬುದನ್ನು ಗಮನಿಸಬೇಕು.

ಈ ದಾರಿ ಯಾರಿಗಾಗಿ ಹುಟ್ಟಿತು?

ಇಷ್ಟು ಎತ್ತರದಲ್ಲಿ, ಊರೇ ಇಲ್ಲದ ಜಾಗದಲ್ಲಿ, ದಾರಿಯನ್ನು ಯಾರು, ಏಕೆ ಕಡಿದರು? ಉತ್ತರ ಇತಿಹಾಸದಲ್ಲಿದೆ. 1343ರಲ್ಲಿ ಈ ಭಾಗದ ಬೆಟ್ಟದ ಸಮುದಾಯಗಳು ಅಂದಿನ ದೊರೆಯಿಂದ ಒಂದು ಸನದು ಪಡೆದಿದ್ದವು. ಗೊತ್ತಾದ ಕಪ್ಪವನ್ನು ಸಲ್ಲಿಸಿ, ತಮ್ಮ ವ್ಯವಹಾರಗಳನ್ನು ತಾವೇ ಸಭೆ ಸೇರಿ ನಡೆಸಿಕೊಳ್ಳುವ ಹಕ್ಕು ಅದು. ಊಲ್ಕ್ಸ್ ಮತ್ತು ಮೇಲಿನ ಕಿಸೋನೆ ಕಣಿವೆಯ ಊರುಗಳು ಫ್ರಾನ್ಸಿನ ಕಡೆಯ ಬ್ರಿಯಾನ್ಸೋನ್ ಜೊತೆಗೆ ಒಂದೇ ಒಕ್ಕೂಟದಲ್ಲಿದ್ದವು. ಬೆಟ್ಟದ ಜನರಿಗೆ ಪರ್ವತವು ಗಡಿಯಾಗಿರಲಿಲ್ಲ. ಎರಡು ಕಣಿವೆಗಳ ದನ ಮೇಯುವ ಜಾಗವಾಗಿತ್ತು.

1713ರ ಉಟ್ರೆಕ್ಟ್ ಒಪ್ಪಂದವು ಈ ಒಕ್ಕೂಟವನ್ನು ಎರಡು ರಾಜ್ಯಗಳ ನಡುವೆ ಸೀಳಿತು. ಬೆಟ್ಟದ ಬೆನ್ನು ಗಡಿಯಾಯಿತು. ಗಡಿಗೆ ಕೋಟೆ ಬೇಕಾಯಿತು. 1728ರಲ್ಲಿ ಕಿಸೋನೆ ಕಣಿವೆಯ ಫೆನೆಸ್ತ್ರೆಲ್ಲೆ ಎಂಬಲ್ಲಿ ಆರಂಭವಾದ ಕೋಟೆಯ ಕೆಲಸ 1850ರವರೆಗೆ ನಡೆಯಿತು. ಬೆಟ್ಟದ ಇಳಿಜಾರಿನುದ್ದಕ್ಕೂ ಹಬ್ಬಿರುವ ಆ ಕೋಟೆಯೊಳಗೆ ಸುಮಾರು 4,000 ಮೆಟ್ಟಿಲುಗಳ ಮುಚ್ಚಿದ ಸೋಪಾನವಿದೆ. 1747ರ ಜುಲೈ 19ರಂದು ಆಸಿಯೆತ್ತಾದ ಹುಲ್ಲುಗಾವಲಿನ ಮೇಲೆ ಫ್ರೆಂಚ್ ಸೈನ್ಯಕ್ಕೂ ಪಿಯೆಮೊಂತೆ ಸೈನ್ಯಕ್ಕೂ ಯುದ್ಧ ನಡೆದು, ಫ್ರೆಂಚರು ಸೋತು, ಕೆಲವೇ ತಾಸುಗಳಲ್ಲಿ ಸಾವಿರಾರು ಮಂದಿ ಸತ್ತರು, ಗಾಯಗೊಂಡರು. ಇಂದು ಸೈಕಲ್ ಸವಾರರು ಬುತ್ತಿ ಬಿಚ್ಚುವ ಜಾಗ ಅದು.

ಫಿರಂಗಿಗಳನ್ನೂ ಹೇಸರಗತ್ತೆಗಳನ್ನೂ ಸಾಗಿಸಲು ಕಡಿದ ದಾರಿಗಳು ಇವು. ಹೊರೆ ಹೊತ್ತ ಪ್ರಾಣಿ ಏರಬಲ್ಲ ಪ್ರಮಾಣಕ್ಕಿಂತ ದಾರಿಯನ್ನು ಕಡಿದಾಗಿಸುವಂತಿರಲಿಲ್ಲ. ಏರು ಉದ್ದಕ್ಕೂ ಸಮನಾಗಿರುವುದಕ್ಕೆ ಇದೇ ಕಾರಣ. ಯುದ್ಧಗಳು ಮುಗಿದವು, ಸೈನ್ಯ ಕೆಳಗಿಳಿಯಿತು, ದನ ಕಾಯುವವರು ಮರಳಿ ದಾರಿಯ ಒಡೆಯರಾದರು.

ಎತ್ತರದ ಹುಲ್ಲು

ಆಸಿಯೆತ್ತಾ ದಾರಿಯಲ್ಲಿ ಸಾಗುವ ಸವಾರರಿಗೆ ಎರಡು ಬಗೆಯ ಬದಲಾವಣೆ ತಿಳಿಯುತ್ತದೆ. ಮೊದಲನೆಯದು ಉಸಿರಿನದು: 2,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರತೀರದಲ್ಲಿರುವುದರ ಮುಕ್ಕಾಲು ಭಾಗ ಮಾತ್ರ. ಎರಡನೆಯದು ಚಳಿಯದು: ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿಯಂತೆ ಉಷ್ಣತೆ ಇಳಿಯುವುದರಿಂದ, ಸೂಸಾದಲ್ಲಿ ಮೂವತ್ತು ಡಿಗ್ರಿ ಸೆಕೆಯಿದ್ದಾಗ ಇಲ್ಲಿ ಹದಿನೇಳು. ಮಧ್ಯಾಹ್ನದ ಮೇಲೆ ಗುಡುಗುಮಳೆ ಬಂದರೆ ಇನ್ನೂ ಕಡಿಮೆ. ಶ್ರೇಣಿಯ ಬೆನ್ನಿನ ಮೇಲೆ ಮರವಿಲ್ಲ, ಮರೆಯಿಲ್ಲ, ನೀರೂ ವಿರಳ. ಅನುಭವಿಗಳು ಬೆಳಕು ಹರಿಯುವ ಮೊದಲೇ ಹೊರಟು, ಮೋಡ ಕಟ್ಟುವ ಮುನ್ನ ಈ ಭಾಗವನ್ನು ದಾಟಿಬಿಡುತ್ತಾರೆ.

ಈ ಚಳಿಯೇ ಹುಲ್ಲಿನ ಆಯುಷ್ಯವನ್ನು ನಿರ್ಧರಿಸುತ್ತದೆ. ಹಿಮ ಕರಗಿ ದಾರಿ ತೆರೆಯುವುದು ಸಾಮಾನ್ಯವಾಗಿ ಜೂನ್ ತಿಂಗಳಲ್ಲಿ. ಶರತ್ಕಾಲದ ಕೊನೆಗೆ ಮತ್ತೆ ಹಿಮ. ಸಸ್ಯಗಳಿಗೆ ಬೆಳೆಯಲು ಸಿಗುವುದು ಮೂರು-ನಾಲ್ಕು ತಿಂಗಳು ಮಾತ್ರ. ಮಣ್ಣಿನ ಪದರ ತೆಳು. ಒಂದು ವಾಹನ ದಾರಿ ಬಿಟ್ಟು ಒದ್ದೆ ಹುಲ್ಲಿನ ಮೇಲೆ ಹಾದರೆ ಬೇರಿನ ಹಾಸು ಹರಿಯುತ್ತದೆ. ಮುಂದಿನ ಮಳೆಗೆ ಆ ಗೀರು ಕೊರಕಲಾಗುತ್ತದೆ. ಅದು ಮತ್ತೆ ಹಸಿರಾಗಲು ಅನೇಕ ವರ್ಷಗಳೇ ಬೇಕು. ತಿರುವನ್ನು ತಪ್ಪಿಸಿ ಅಡ್ಡದಾರಿ ಹಿಡಿಯುವ ಸೈಕಲ್ ಸವಾರರೂ ಇದೇ ಹಾನಿ ಮಾಡುತ್ತಾರೆ. ಸೈಕಲ್ ಎಂದ ಮಾತ್ರಕ್ಕೆ ಪಾಪಮುಕ್ತವಲ್ಲ.

ಈ ಹುಲ್ಲಿನ ಬೆಲೆಯನ್ನು ಅಲ್ಲಿನ ರೈತರು ಬಲ್ಲರು. ಬೇಸಿಗೆಯಲ್ಲಿ ಕಣಿವೆಯ ದನಗಳು ಮೇಲಿನ ಗೋಮಾಳಗಳಿಗೆ ಏರುತ್ತವೆ. ಬೆಟ್ಟದ ನೇರಳೆಬಣ್ಣದ ವಯೊಲೆಟ್ ಹೂಗಳು ಅರಳುವ ಆ ಕೆಲವೇ ವಾರಗಳ ಹಾಲಿನಿಂದ ಪ್ಲೇಸಾಂತಿಫ್ ಎಂಬ ಗಿಣ್ಣು, ಅಂದರೆ ಚೀಸ್, ತಯಾರಾಗುತ್ತದೆ. ‘ವಯೊಲೆಟ್ ಹೂಗಳ ಚೀಸ್’ ಎಂದೇ ಅದಕ್ಕೆ ಹೆಸರು. ಹುಲ್ಲು ಕೆಟ್ಟರೆ ಹಾಲು ಕೆಡುತ್ತದೆ. ಹಾಲು ಕೆಟ್ಟರೆ ಬೆಟ್ಟದ ಮೇಲೆ ಉಳಿಯಲು ಕುಟುಂಬಗಳಿಗೆ ಕಾರಣವೇ ಇರುವುದಿಲ್ಲ.

1990ರ ದಶಕದಲ್ಲಿ ಈ ಬೆಟ್ಟಗಳಿಗೆ ತೋಳ ತಾನಾಗಿಯೇ ಮರಳಿ ಬಂತು. ದಕ್ಷಿಣದ ಅಪೆನ್ನೈನ್ ಬೆಟ್ಟಸಾಲಿನಿಂದ ಹಬ್ಬುತ್ತ ಬಂದ ತೋಳಗಳನ್ನು ಪರಿಸರಪ್ರಿಯರು ಸ್ವಾಗತಿಸಿದರು, ಕುರಿಗಾಹಿಗಳು ಶಪಿಸಿದರು. ಈಗ ಮಂದೆಗಳೊಡನೆ ದೊಡ್ಡ ಬಿಳಿ ಕಾವಲು ನಾಯಿಗಳಿರುತ್ತವೆ. ಮಂದೆ ಎದುರಾದರೆ ಸೈಕಲ್ಲಿನಿಂದ ಇಳಿಯಬೇಕು. ಸೈಕಲ್ಲನ್ನು ತನಗೂ ನಾಯಿಗೂ ನಡುವೆ ಇಟ್ಟುಕೊಂಡು, ಕೂಗಾಡದೆ, ಮಂದೆಯನ್ನು ಬಳಸಿ ನಿಧಾನವಾಗಿ ನಡೆಯಬೇಕು. ಬೆಟ್ಟದಲ್ಲಿ ದುಡಿಯುವವರಿಗೆ ಮೊದಲ ಹಕ್ಕು, ವಿಹಾರಕ್ಕೆ ಬಂದವರಿಗೆ ಎರಡನೆಯದು ಎಂಬ ನಿಯಮವನ್ನು ಅಲ್ಲಿ ನಾಯಿಗಳೇ ಜಾರಿಗೊಳಿಸುತ್ತವೆ.

ವಾರದಲ್ಲಿ ಎರಡು ದಿನ

ಆದರೆ ಇಂಥ ದಾರಿಯ ಕೀರ್ತಿ ಹಬ್ಬಿದಾಗ ಸೈಕಲ್ಲುಗಳಷ್ಟೇ ಬರುವುದಿಲ್ಲ. ಮೋಟಾರ್ ಸೈಕಲ್ಲುಗಳೂ ಜೀಪುಗಳೂ ಬರುತ್ತವೆ. ಆಸಿಯೆತ್ತಾದಲ್ಲೂ ಹಾಗೆಯೇ ಆಯಿತು. ವೇಗದ ವಾಹನ ಜಲ್ಲಿಗೆ ಮಾಡುವ ಹಾನಿಗೆ ಭೌತಶಾಸ್ತ್ರದ ಕಾರಣವಿದೆ. ಒಂದು ಮಿತಿಯನ್ನು ಮೀರಿದ ವೇಗದಲ್ಲಿ ಚಕ್ರವು ಸಣ್ಣ ಉಬ್ಬಿನ ಮೇಲೆ ಪುಟಿದು ಮುಂದೆ ಬಡಿಯುತ್ತದೆ. ಬಡಿದಲ್ಲಿ ತಗ್ಗು, ಅದರ ಮುಂದೆ ಮತ್ತೊಂದು ಉಬ್ಬು. ಕ್ರಮೇಣ ಇಡೀ ದಾರಿ ಹೆಂಚಿನ ಮಾಡಿನಂತೆ ಏರಿಳಿಯುತ್ತದೆ. ಆ ಮಿತಿಯ ಕೆಳಗಿನ ವೇಗದಲ್ಲಿ ಈ ಅಲೆಗಳು ಹುಟ್ಟುವುದೇ ಇಲ್ಲ. ಒಣಹವೆಯಲ್ಲಿ ಏಳುವ ಧೂಳು ಪಕ್ಕದ ಹುಲ್ಲಿನ ಮೇಲೆ ಕೂರುತ್ತದೆ. ದನ ಅದನ್ನು ಮೂಸಿ ಬಿಡುತ್ತದೆ.

ಎರಡು ಸುಲಭದ ಪರಿಹಾರಗಳಿದ್ದವು: ಪೂರ್ತಿ ಡಾಂಬರು, ಇಲ್ಲವೇ ಪೂರ್ತಿ ನಿಷೇಧ. ಅಲ್ಲಿನವರು ಎರಡನ್ನೂ ಆರಿಸಲಿಲ್ಲ. ದಾರಿ ಜಲ್ಲಿಯದಾಗಿಯೇ ಉಳಿಯಿತು. ವೇಗಕ್ಕೆ ಮಿತಿ ಬಂತು. ಗೊತ್ತುಪಡಿಸಿದ ಜಾಗದ ಹೊರತು ವಾಹನ ನಿಲ್ಲಿಸುವಂತಿಲ್ಲ ಎಂದಾಯಿತು. ಇದರೊಡನೆ, ಜುಲೈ ಮತ್ತು ಆಗಸ್ಟ್ ತಿಂಗಳುಗಳ ಬುಧವಾರ ಮತ್ತು ಶನಿವಾರಗಳಂದು ಹಗಲಿನಲ್ಲಿ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ ಎಂಬ ಕಟ್ಟಳೆ ಹಲವು ವರ್ಷಗಳಿಂದ ನಡೆದುಬಂದಿದೆ. ಆ ದಿನಗಳಲ್ಲಿ ದಾರಿಯು ನಡೆಯುವವರದು, ಸೈಕಲ್ಲಿನವರದು, ದನಗಳದು.

ಇದು ಯಾರಿಗೂ ಪೂರ್ಣ ತೃಪ್ತಿ ಕೊಡುವ ಏರ್ಪಾಡಲ್ಲ. ಎರಡೇ ದಿನವೇಕೆ ಎಂದು ಕೆಲವರು, ಎರಡು ದಿನವಾದರೂ ಏಕೆ ಎಂದು ಇನ್ನು ಕೆಲವರು ಕೇಳಬಹುದು. ಆದರೆ ಇದರಲ್ಲಿ ಒಂದು ಮೂಲಭೂತ ತತ್ತ್ವ ಅಡಗಿದೆ. ದಾರಿಯನ್ನು ಅಗಲಿಸದೆ, ಹೊಸ ದಾರಿ ಕಡಿಯದೆ, ಕಾಲವನ್ನು ಪಾಲು ಮಾಡಿಕೊಂಡು ಒಂದೇ ದಾರಿಯನ್ನು ಹಲವರು ಅನುಭವಿಸಬಹುದು. ಕಾಲುವೆಯ ನೀರನ್ನು ಸರದಿಯಂತೆ ಗದ್ದೆಗೆ ಹಾಯಿಸಿಕೊಳ್ಳುವ ರೈತರಿಗೆ ಇದು ಹೊಸ ವಿಚಾರವೇನಲ್ಲ.

ಇಳಿಜಾರಿನ ಕೊನೆಗೆ ಒಂದು ವಿವಾದ

ಸೌಜೆ ದೂಲ್ಕ್ಸ್ ಕಡೆಗಿನ ಇಳಿತದಲ್ಲಿ ಕೈಬೆರಳುಗಳು ಬ್ರೇಕ್ ಹಿಡಿದು ಮರಗಟ್ಟುತ್ತವೆ. ಮುಂದೆ ಸಾಲ್ಬರ್ತ್ರಾಂಡ್ ಬಳಿ ಇಳಿಜಾರಿನ ತುಂಬ ಹಬ್ಬಿರುವ ‘ಗ್ರಾನ್ ಬೋಸ್ಕೊ’ ಎಂಬ ದೊಡ್ಡ ಕಾಡು 1980ರಿಂದ ಸಂರಕ್ಷಿತ ಉದ್ಯಾನ. ಅದನ್ನು ದಾಟಿದರೆ ಕಣಿವೆಯ ತಳದಲ್ಲಿ ಹೆದ್ದಾರಿ, ರಾಷ್ಟ್ರೀಯ ರಸ್ತೆ, ರೈಲು ಹಳಿಗಳು ಒತ್ತೊತ್ತಾಗಿವೆ. ಫ್ರಾನ್ಸಿಗೆ ಹೋಗುವ ಹಳೆಯ ರೈಲು ಸುರಂಗ ತೆರೆದದ್ದು 1871ರಲ್ಲಿ. ಈಗ ಟುರಿನ್ ಮತ್ತು ಲಿಯೋನ್ ನಡುವೆ 57 ಕಿ.ಮೀ.ಗೂ ಉದ್ದದ ಹೊಸ ಸುರಂಗದ ಕೆಲಸ ನಡೆದಿದೆ. ಲಾರಿಗಳ ಸರಕು ರೈಲಿಗೆ ವರ್ಗವಾಗಿ ಹೊಗೆ ಕಡಿಮೆಯಾಗುವುದೆಂದು ಪರವಾದವರ ವಾದ. ಹಳೆಯ ಮಾರ್ಗವೇ ಸಾಕು, ಬಂಡೆಯೊಳಗಿನ ಕಲ್ನಾರು, ಬತ್ತುವ ಒರತೆಗಳು, ಕಳೆದುಹೋಗುವ ಹೊಲಗಳ ಲೆಕ್ಕ ಯಾರು ಕೊಡುವರು ಎಂದು ಕಣಿವೆಯ ಅನೇಕ ನಿವಾಸಿಗಳ ಪ್ರಶ್ನೆ. 1990ರ ದಶಕದಿಂದಲೂ ಅವರ ಚಳವಳಿ ನಡೆದಿದೆ. 2005ರಲ್ಲಿ ಸೂಸಾದ ಪಕ್ಕದ ವೆನಾವುಸ್‌ನಲ್ಲಿ, 2011ರಲ್ಲಿ ಕಿಯೊಮೊಂತೆಯಲ್ಲಿ ಪೊಲೀಸರೊಡನೆ ಘರ್ಷಣೆಗಳಾದವು. ಮೇಲೆ ವಾರದ ಎರಡು ದಿನಗಳನ್ನು ಹಂಚಿಕೊಳ್ಳಲು ಬಲ್ಲ ಸಮಾಜವೇ ಕೆಳಗೆ ಮೂರು ದಶಕಗಳಾದರೂ ಒಮ್ಮತಕ್ಕೆ ಬರಲಾಗದೆ ಬಳಲುತ್ತಿದೆ. ಸಣ್ಣ ದಾರಿಯ ನಿರ್ಧಾರ ಊರಿನ ಅಳತೆಯಲ್ಲಿ ಆಗಬಲ್ಲದು. ದೊಡ್ಡ ಯೋಜನೆಗಳ ನಿರ್ಧಾರ ಊರಿನ ಕೈಮೀರಿ ಹೋಗುತ್ತದೆ.

ಮಲೆನಾಡಿಗೆ ಇದರಿಂದೇನು?

ಅಲ್ಲಿಯ ದಾರಿಯನ್ನು ಇಲ್ಲಿಗೆ ತಂದು ಹಾಸಲಾಗದು. ಸೂಸಾ ಕಣಿವೆ ಆಲ್ಪ್ಸ್‌ನ ಒಣ ಕಣಿವೆಗಳಲ್ಲೊಂದು. ಅದರ ತಳದಲ್ಲಿ ವರ್ಷದ ಮಳೆ ಸಾವಿರ ಮಿ.ಮೀ.ಗಿಂತ ಕಡಿಮೆ. ಆಗುಂಬೆಯಲ್ಲಿ ಸರಾಸರಿ 7,000 ಮಿ.ಮೀ.ಗೂ ಹೆಚ್ಚು, ಅದೂ ನಾಲ್ಕು ತಿಂಗಳಲ್ಲಿ. ಇಲ್ಲಿಯ ಮಣ್ಣಿನ ದಾರಿ ಉಳಿಯಬೇಕಾದರೆ ನೀರು ದಾರಿಯ ಮೇಲೆ ಓಡಲು ಬಿಡದೆ, ಅಡ್ಡಲಾಗಿ ಹಾಸಿದ ಕಲ್ಲಿನ ಕಟ್ಟೆಗಳಿಂದ ಅದನ್ನು ಸ್ವಲ್ಪಸ್ವಲ್ಪವಾಗಿ ಪಕ್ಕದ ಗಿಡಗಂಟಿಗಳೊಳಕ್ಕೆ ತಿರುಗಿಸಬೇಕು. ಮೋರಿಗಳನ್ನು ಮಳೆಗೆ ಮುಂಚೆ ಬಿಡಿಸಬೇಕು. ಆಸ್ಪತ್ರೆಗೂ ಶಾಲೆಗೂ ಹೋಗುವ ಊರದಾರಿಗೆ ಗಟ್ಟಿ ರಸ್ತೆ ಬೇಕೇ ಬೇಕು; ಆ ಬೇಡಿಕೆಯನ್ನು ಈ ಉಪನ್ಯಾಸ ಅಲ್ಲಗಳೆಯುವುದಿಲ್ಲ. ಪ್ರಶ್ನೆಯಿರುವುದು ಊರು ಮುಗಿದ ಮೇಲೆ, ಗುಡ್ಡದ ನೆತ್ತಿಗೆ, ನೋಟಕ್ಕಾಗಿ ಮಾತ್ರ ಏರುವ ದಾರಿಗಳದು.

ಕೊಡಚಾದ್ರಿಯ ಜೀಪು ದಾರಿಯನ್ನು ಬಲ್ಲವರಿಗೆ ವಿವರಿಸಬೇಕಾದುದಿಲ್ಲ. ಆ ಜೀಪುಗಳಿಂದ ಹೊಟ್ಟೆ ಹೊರೆಯುವ ಮನೆಗಳೂ ಇವೆ. ನಾಳೆಯಿಂದ ನಿಲ್ಲಿಸಿ ಎಂದು ಆಜ್ಞಾಪಿಸುವುದು ಸುಲಭ, ನ್ಯಾಯವಲ್ಲ. ಆದರೆ ವಾರದಲ್ಲಿ ಎರಡು ದಿನ ಬೆಟ್ಟಕ್ಕೆ ಬಿಡುವು ಕೊಡಲಾಗದೆ? ಜೀಪಿನವರು, ಗ್ರಾಮ ಪಂಚಾಯತಿ, ಅರಣ್ಯ ಇಲಾಖೆ, ಊರಿನವರು ಒಂದೇ ಜಗಲಿಯಲ್ಲಿ ಕುಳಿತು ಆ ದಿನಗಳನ್ನು ಗೊತ್ತುಮಾಡಲಾಗದೆ? ಶೋಲಾ ಕಾಡಿನ ಅಂಚಿನ ಹುಲ್ಲಿಗೂ ತೆಳು ಮಣ್ಣೇ ಆಧಾರ. ಅದು ಕೂಡ ಒಮ್ಮೆ ಹರಿದರೆ ಬೇಗ ಮಾಯದ ಗಾಯ.

ವಿದ್ಯಾರ್ಥಿ ಮಿತ್ರರು ಒಂದು ಕೆಲಸ ಮಾಡಬಹುದು. ತಮ್ಮ ಊರಿನ ಹತ್ತಿರದ ಒಂದು ಗುಡ್ಡದ ದಾರಿಯನ್ನು ಆರಿಸಿಕೊಂಡು, ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ, ಅದರ ಕೊರಕಲುಗಳ ಅಗಲ ಮತ್ತು ಆಳವನ್ನು ಅಳೆದು ಬರೆದಿಡಲಿ. ಹಾಯುವ ವಾಹನಗಳನ್ನು ವಾರಕ್ಕೊಂದು ದಿನ ಎಣಿಸಲಿ. ಎರಡು ವರ್ಷದ ಲೆಕ್ಕ ಕೈಯಲ್ಲಿದ್ದರೆ ಗ್ರಾಮಸಭೆಯಲ್ಲಿ ಆಡುವ ಮಾತಿಗೆ ತೂಕ ಬರುತ್ತದೆ. ಹೋಗುವಾಗ ಸಾಧ್ಯವಾದರೆ ಸೈಕಲ್ಲಿನಲ್ಲಿಯೇ ಹೋಗಲಿ. ಮನೆಯಲ್ಲಿರುವ ಹಳೆಯ ಸೈಕಲ್ ಸಾಕು. ಏರಲಾಗದ ಕಡೆ ಇಳಿದು ತಳ್ಳಿದರೆ ಅವಮಾನವೇನೂ ಇಲ್ಲ. ತಳ್ಳಿಕೊಂಡು ನಡೆಯುವವರಿಗೇ ದಾರಿಯ ಮಣ್ಣು ಹೆಚ್ಚು ಕಾಣಿಸುತ್ತದೆ.